ಅಗೋಚರ ಚುನಾವಣೆಯ ಎರಡು ಮಾನಗಳು: ಅಮೆರಿಕದ ಪ್ರಾಥಮಿಕ ಸ್ಪರ್ಧೆಗಳಲ್ಲಿ ಮುಂಗಡ ಸಮೀಕ್ಷೆಯೂ ನಿಧಿಸಂಗ್ರಹವೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಧ್ಯಕ್ಷ ಪದವಿಗೆ ಪಕ್ಷದ ಉಮೇದುವಾರನನ್ನು ಆರಿಸುವ ಅಧಿಕಾರವು 1968ರ ವರೆಗೂ ಬಹುಮಟ್ಟಿಗೆ ಪಕ್ಷಧುರೀಣರ ವಶದಲ್ಲಿಯೇ ಇದ್ದಿತು. ಆ ವರ್ಷ ಪ್ರಾಥಮಿಕ ಚುನಾವಣೆಗಳ ಕಣಕ್ಕೇ ಇಳಿಯದಿದ್ದ ಹ್ಯೂಬರ್ಟ್ ಹಂಫ್ರಿಯವರನ್ನು ಡೆಮಾಕ್ರಟಿಕ್ ಪಕ್ಷದ ಷಿಕಾಗೊ ಮಹಾಧಿವೇಶನವು ವರಿಸಿದಾಗ ಎದ್ದ ಕ್ಷೋಭೆಯು ಮೆಕ್‌ಗವರ್ನ್–ಫ್ರೇಜರ್ ಆಯೋಗದ ಸುಧಾರಣೆಗಳಿಗೆ ಕಾರಣವಾಗಿ, 1972ರಿಂದೀಚೆಗೆ ನಿರ್ಣಯವು ರಾಜ್ಯರಾಜ್ಯಗಳ ಸಾಮಾನ್ಯ ಮತದಾರರ ಕೈಸೇರಿತು. ಅವರು ಮತ ಹಾಕುವುದಕ್ಕೆ ಹಿಂದಿನ ವರ್ಷವು ಹೊಸದೊಂದು ಮಹತ್ತ್ವವನ್ನು ತಳೆದುದೂ ಆಗಲೇ. ಏಕೆಂದರೆ ಅಷ್ಟು ವಿಸ್ತಾರವಾದ ದೇಶದ ಜನರನ್ನು ಮುಟ್ಟಲು ಹೆಸರೂ ಬೇಕು, ಹಣವೂ ಬೇಕು, ಎರಡನ್ನೂ ಮೊದಲೇ ಕೂಡಿಡಬೇಕು. ಈ ಪೂರ್ವಕಾಲವನ್ನು ಪತ್ರಕರ್ತ ಆರ್ಥರ್ ಹ್ಯಾಡ್ಲಿಯವರು 1976ರಲ್ಲಿ ‘ಅಗೋಚರ ಪ್ರಾಥಮಿಕ ಚುನಾವಣೆ’ ಎಂದು ಕರೆದರು. ಅದನ್ನು ಗೋಚರಗೊಳಿಸಲು ಪಂಡಿತರೂ ಪತ್ರಿಕೆಗಳೂ ಮುಖ್ಯವಾಗಿ ನೆಚ್ಚಿರುವುದು ಜನಾಭಿಪ್ರಾಯ ಸಮೀಕ್ಷೆಯನ್ನೂ ದೇಣಿಗೆಯ ಲೆಕ್ಕವನ್ನೂ. ಇವೆರಡೂ ಒಂದೇ ವಸ್ತುವನ್ನು ಅಳೆಯುತ್ತವೆಂಬ ಭಾವನೆಯೇ ಅನೇಕ ತಪ್ಪು ತೀರ್ಮಾನಗಳಿಗೆ ಮೂಲವೆಂಬುದು ಈ ಲೇಖಕನ ಅಭಿಮತ.

ರಾಷ್ಟ್ರವ್ಯಾಪಿ ಮುಂಗಡ ಸಮೀಕ್ಷೆಯು ಅಳೆಯುವುದು ಬಹುಪಾಲು ಪರಿಚಯವನ್ನು. 2001ರ ಸೆಪ್ಟೆಂಬರ್ ದುರಂತದಲ್ಲಿ ನ್ಯೂಯಾರ್ಕಿನ ಮೇಯರರಾಗಿ ಮನೆಮಾತಾಗಿದ್ದ ರುಡಾಲ್ಫ್ ಜುಲಿಯಾನಿಯವರು 2007ರ ಬಹುಭಾಗ ರಿಪಬ್ಲಿಕನ್ ಸಮೀಕ್ಷೆಗಳಲ್ಲಿ ಅಗ್ರಸ್ಥರಾಗಿದ್ದು, ಮರುವರ್ಷದ ಜನವರಿಯಲ್ಲಿ ಫ್ಲಾರಿಡದಲ್ಲಿ ಮೂರನೆಯವರಾಗಿ ಕಣದಿಂದ ನಿರ್ಗಮಿಸಿದರು. ಇದಕ್ಕೆ ವಿಪರ್ಯಯವಾಗಿ, ಸಮೀಕ್ಷೆಗಳಲ್ಲಿ ಗಣನೆಗೇ ಬಾರದಿದ್ದ ಜಿಮ್ಮಿ ಕಾರ್ಟರರು 1976ರಲ್ಲಿ ಅಯೊವ ರಾಜ್ಯದ ಪಕ್ಷಸಭೆಗಳಲ್ಲಿ ಶೇಕಡ 28ರಷ್ಟು ಬೆಂಬಲ ಪಡೆದು, ‘ಯಾರಿಗೂ ಬದ್ಧರಲ್ಲ’ ಎಂದ ಶೇಕಡ 37ರ ಹಿಂದೆ ನಿಂತರೂ ಗೆದ್ದವರೆಂದೇ ಕೀರ್ತಿತರಾದರು. ನಾನೂರು ಜನರನ್ನು ಕೇಳಿ ಪಡೆದ ಅಂಕಿಯಲ್ಲಿ ಐದು ಶೇಕಡದಷ್ಟು ಏರುಪೇರು ಸಹಜವಾಗಿರುವಾಗ ಮೂರನೆಯವನಾರು, ನಾಲ್ಕನೆಯವನಾರು ಎಂದು ವಾದಿಸುವುದು ವ್ಯರ್ಥಾಲಾಪ.

ಹಣದ ಲೆಕ್ಕವು ಬೇರೆ ಜಾತಿಯದು. ವಾಟರ್‌ಗೇಟ್ ಹಗರಣದ ಬೆನ್ನಿನಲ್ಲಿ 1974ರಲ್ಲಿ ತಿದ್ದುಪಡಿಯಾದ ಶಾಸನವು ಒಬ್ಬ ದಾನಿಯ ಕೊಡುಗೆಗೆ 1,000 ಡಾಲರಿನ ಮಿತಿಯನ್ನು ವಿಧಿಸಿ, ಲೆಕ್ಕಪತ್ರಗಳ ಪರಾಮರ್ಶೆಗೆ ಫೆಡರಲ್ ಚುನಾವಣಾ ಆಯೋಗವನ್ನು ಸ್ಥಾಪಿಸಿತು. ಸಮೀಕ್ಷೆಯಲ್ಲಿ ಮನುಷ್ಯನು ಬಾಯಿಮಾತಿನ ಉತ್ತರ ಕೊಡುತ್ತಾನೆ, ಇಲ್ಲಿ ಕೈಗಂಟನ್ನೇ ಬಿಚ್ಚುತ್ತಾನೆ. ಆದಕಾರಣ ಇದರ ಸಾಕ್ಷ್ಯವು ಹೆಚ್ಚು ಗಟ್ಟಿಯೆಂದು ತೋರುವುದು ಸ್ವಾಭಾವಿಕ. ಆದರೂ 1980ರಲ್ಲಿ ಜಾನ್ ಕಾನಲಿಯವರು ಸುಮಾರು 1 ಕೋಟಿ 10 ಲಕ್ಷ ಡಾಲರುಗಳನ್ನು ವ್ಯಯಿಸಿ ಗಳಿಸಿದುದು ಮಹಾಧಿವೇಶನದ ಒಬ್ಬರೇ ಪ್ರತಿನಿಧಿಯನ್ನು. 2003ರಲ್ಲಿ ಅಂತರ್ಜಾಲದ ಮೂಲಕ ಸಣ್ಣ ದೇಣಿಗೆಗಳ ಪ್ರವಾಹವನ್ನೇ ಹರಿಸಿದ ಹವರ್ಡ್ ಡೀನರು ವರ್ಷಾಂತ್ಯದೊಳಗೆ ಸುಮಾರು 4 ಕೋಟಿ ಡಾಲರು ಕೂಡಿಸಿಯೂ ಅಯೊವದಲ್ಲಿ ಮೂರನೆಯವರಾದರು. ಗೆದ್ದ ಜಾನ್ ಕೆರಿಯವರು ಬಾಸ್ಟನ್ನಿನ ಮನೆಯನ್ನು ಅಡವಿಟ್ಟು ಹಣ ತಂದವರು!

ಹಾಗಾದರೆ ನೋಡತಕ್ಕದ್ದೇನು? 2007ರ ಮೊದಲ ತ್ರೈಮಾಸಿಕದ ಲೆಕ್ಕವು ಈ ದೃಷ್ಟಿಯಿಂದ ವಿಶೇಷ ಪರಿಶೀಲನಾರ್ಹ. ಆಗ ಹಿಲರಿ ಕ್ಲಿಂಟನ್ನರ ಪಾಳೆಯವು 2 ಕೋಟಿ 60 ಲಕ್ಷ ಡಾಲರುಗಳನ್ನೂ ಬರಾಕ್ ಒಬಾಮರ ಪಾಳೆಯವು ಅದಕ್ಕಿಂತ ಅತ್ಯಲ್ಪವೇ ಕಡಿಮೆಯಾದ ಮೊತ್ತವನ್ನೂ ಘೋಷಿಸಿದುವು. ಆದರೆ ದಾನಿಗಳ ಸಂಖ್ಯೆ ಅಲ್ಲಿ ಐವತ್ತು ಸಾವಿರವಾದರೆ ಇಲ್ಲಿ ಲಕ್ಷಕ್ಕೂ ಮಿಕ್ಕಿದ್ದಿತು. ಅಂದಿನ ಮಿತಿಯಾದ 2,300 ಡಾಲರನ್ನು ಒಮ್ಮೆಗೇ ಕೊಟ್ಟ ಶ್ರೀಮಂತನು ಪ್ರಾಥಮಿಕ ಸ್ಪರ್ಧೆಗಾಗಿ ಮತ್ತೆ ಕೊಡಲಾರ. ಐವತ್ತು ಡಾಲರು ಕೊಟ್ಟ ಉಪಾಧ್ಯಾಯಿನಿಯಾದರೋ ತಿಂಗಳು ತಿಂಗಳೂ ಕೊಡಬಲ್ಲಳು. ರಾಷ್ಟ್ರವ್ಯಾಪಿ ಸಮೀಕ್ಷೆಗಳಲ್ಲಿ ಕ್ಲಿಂಟನ್ನರ ಮುನ್ನಡೆ ಅಚಲವೆಂದು ಭಾಸವಾಗುತ್ತಿದ್ದ ಆ ದಿನಗಳಲ್ಲಿ, ಮುಂದೆ 2008ರ ಜನವರಿ 3ರಂದು ಅಯೊವದಲ್ಲಿ ಪ್ರಕಟವಾಗಲಿದ್ದ ಒಬಾಮರ ಗೆಲುವಿನ ಸುಳಿವು ಮೊತ್ತದಲ್ಲಿ ಇರಲಿಲ್ಲ, ದಾನಿಗಳ ಪಟ್ಟಿಯಲ್ಲಿ ಇದ್ದಿತು.

ಈ ಸೂತ್ರಕ್ಕೂ ಅಪವಾದವುಂಟು. 2019ರ ಶರತ್ಕಾಲದಲ್ಲಿ ಜೋ ಬೈಡನ್ನರ ಬೊಕ್ಕಸದಲ್ಲಿದ್ದುದು 90 ಲಕ್ಷ ಡಾಲರು ಮಾತ್ರ. ಬರ್ನಿ ಸ್ಯಾಂಡರ್ಸರಲ್ಲಿ 3 ಕೋಟಿ 30 ಲಕ್ಷಕ್ಕೂ ಹೆಚ್ಚು. ಅಯೊವದಲ್ಲಿ ನಾಲ್ಕನೆಯವರೂ ನ್ಯೂ ಹ್ಯಾಂಪ್‌ಷೈರಿನಲ್ಲಿ ಐದನೆಯವರೂ ಆದ ಬೈಡನ್ನರು 2020ರ ಫೆಬ್ರವರಿ 29ರಂದು ದಕ್ಷಿಣ ಕ್ಯಾರೊಲೈನದಲ್ಲಿ ನಿರಾಯಾಸವಾಗಿ ಗೆದ್ದರು. ಅಲ್ಲಿನ ಆಫ್ರಿಕನ್ ಅಮೆರಿಕನ್ ಮತದಾರರ ಒಲವನ್ನು ಸಮೀಕ್ಷೆಗಳು ಮೊದಲೇ ಹೇಳಿದ್ದುವು, ದೇಣಿಗೆಯ ಪಟ್ಟಿ ಹೇಳಿರಲಿಲ್ಲ. ಅದೇ ಸ್ಪರ್ಧೆಗೆ ಸ್ವಂತದ 100 ಕೋಟಿ ಡಾಲರಿಗೂ ಹೆಚ್ಚನ್ನು ಸುರಿದ ಮೈಕೇಲ್ ಬ್ಲೂಂಬರ್ಗರಿಗೆ ದಕ್ಕಿದುದು ಅಮೆರಿಕನ್ ಸಮೋವ ಎಂಬ ದ್ವೀಪಪ್ರಾಂತವೊಂದೇ.

ಡೆಮಾಕ್ರಟಿಕ್ ಪಕ್ಷವು 2019ರ ಮೊದಲ ಚರ್ಚಾಸಭೆಗಳಿಗೆ ಪ್ರವೇಶ ಬಯಸುವವರಿಗೆ 65,000 ದಾನಿಗಳು ಅಥವಾ ಮೂರು ಸಮೀಕ್ಷೆಗಳಲ್ಲಿ ಶೇಕಡ 1ರ ಬೆಂಬಲ ಎಂಬ ಅರ್ಹತೆಯನ್ನು ವಿಧಿಸಿದ ಮೇಲೆ ಈ ಮಾನಗಳ ಸ್ವರೂಪವೇ ಬದಲಾಯಿತು. ಒಂದು ಡಾಲರು ಕೊಡುವ ದಾನಿಯೊಬ್ಬನನ್ನು ದೊರಕಿಸಿಕೊಳ್ಳಲು ಅದಕ್ಕಿಂತ ಹೆಚ್ಚನ್ನು ಜಾಹೀರಾತಿಗೆ ಚೆಲ್ಲುವುದೂ ಲಾಭಕರವೆನಿಸಿತು. ಆದುದರಿಂದ 2007ರ ದಾನಿಗಳ ಸಂಖ್ಯೆಯನ್ನೂ 2019ರ ಸಂಖ್ಯೆಯನ್ನೂ ಒಂದೇ ಕೋಷ್ಟಕದಲ್ಲಿ ಬರೆಯುವ ಸಂಶೋಧಕನು, ಎರಡನೆಯದರಲ್ಲಿ ಎಷ್ಟು ಭಾಗ ಅಭಿಮಾನದಿಂದ ಬಂದಿತು, ಎಷ್ಟು ಭಾಗ ಕೊಂಡು ತಂದದ್ದು ಎಂಬುದನ್ನು ಜಾಹೀರಾತಿನ ವೆಚ್ಚದ ಲೆಕ್ಕದೊಡನೆ ತಾಳೆ ನೋಡಿಯೇ ಮುಂದುವರಿಯಬೇಕಾಗುತ್ತದೆ.