ಎನ್ ಗೇಜ್ ಪಾಯಿಂಟನ್ನು ನ್ಯಾರೋಗೇಜ್ ಮಾದರಿಗೆ ಬಳಸಬಹುದೇ?

ಮಾದರಿ ರೈಲಿನ ಅಂಗಡಿಗಳಲ್ಲಿ ಸಿಗುವ ‘ಎನ್ ಗೇಜ್’ ಹಳಿಯ ‘ಎನ್’ ಅಂದರೆ ನ್ಯಾರೋ ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಆ ಅಕ್ಷರ ಬಂದಿರುವುದು ‘ನೈನ್’ ಎಂಬ ಪದದಿಂದ. ಎರಡು ಹಳಿಗಳ ನಡುವಿನ ಅಂತರ 9 ಮಿ.ಮೀ. ಎಂಬುದಷ್ಟೇ ಅದರ ಅರ್ಥ. ಆ ಹಳಿ ತಯಾರಾಗುವುದು ದೊಡ್ಡ ರೈಲನ್ನು ಸುಮಾರು 160 ಪಟ್ಟು ಕುಗ್ಗಿಸಿ ತೋರಿಸಲು, ನ್ಯಾರೋಗೇಜ್‌ಗಾಗಿ ಅಲ್ಲ. ಆದರೂ ನ್ಯಾರೋಗೇಜ್ ಮಾದರಿ ಮಾಡುವವರು ಅದನ್ನೇ ಕೊಂಡು ತಿದ್ದಿಕೊಳ್ಳುತ್ತಾರೆ. ತಿದ್ದಬಹುದಾದದ್ದು ಯಾವುದು, ಮುಟ್ಟಲೇಬಾರದ್ದು ಯಾವುದು ಎಂದು ಗೊತ್ತಿಲ್ಲದಿದ್ದರೆ ದುಬಾರಿ ಪಾಯಿಂಟ್ ಕಸದ ಬುಟ್ಟಿಗೆ ಹೋಗುತ್ತದೆ.

ಉದಾಹರಣೆಗೆ ಭದ್ರಾವತಿಯನ್ನೇ ತೆಗೆದುಕೊಳ್ಳೋಣ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಸಾಗಾಟಕ್ಕೆ 2 ಅಡಿ, ಅಂದರೆ 610 ಮಿ.ಮೀ. ಗೇಜಿನ ಟ್ರಾಮ್‌ವೇ ಇತ್ತು. ಇಂದು ಶಂಕರಘಟ್ಟದಿಂದ ಭದ್ರಾವತಿಗೆ ಹೋದವರಿಗೆ ಸ್ಟೇಷನ್ನಿನಲ್ಲಿ ಕಾಣುವುದು ಬ್ರಾಡ್‌ಗೇಜ್ ಮಾತ್ರ. ಹಳೆಯ ಟ್ರಾಮ್ ಹೇಗಿತ್ತೆಂದು ಮಕ್ಕಳಿಗೆ ತೋರಿಸಲು ಮಾದರಿ ಒಳ್ಳೆಯ ದಾರಿ. ಆದರೆ ಹಳಿ ತಪ್ಪಾದರೆ ಅದು ಟ್ರಾಮ್ ಆಗಿ ಕಾಣದೆ ಕುಗ್ಗಿದ ಮೇನ್‌ಲೈನ್ ಆಗಿ ಕಾಣುತ್ತದೆ.

ಮೊದಲು ಲೆಕ್ಕ. 610 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 7 ಮಿ.ಮೀ. ಬರುತ್ತದೆ, 9 ಮಿ.ಮೀ. ಹಳಿ ಹೊಂದುವುದಿಲ್ಲ. 64ರಿಂದ ಭಾಗಿಸಿದರೆ 9.5. ಆದ್ದರಿಂದ ಭದ್ರಾವತಿಗೆ 1:64 ಅಳತೆಯೇ ಹತ್ತಿರ. (ಅಂಗಡಿಗಳಲ್ಲಿ ಸಿಗುವ ಹಾಟ್ ವೀಲ್ಸ್ ಕಾರುಗಳೂ ಸುಮಾರಾಗಿ ಇದೇ ಅಳತೆಯವು, ಅಷ್ಟು ಕಟ್ಟುನಿಟ್ಟಾಗಿ ಅಲ್ಲ.) ಕೋಲಾರ–ಚಿಕ್ಕಬಳ್ಳಾಪುರದ ಹಳೆಯ ರೈಲು ಬೇಕೆಂದರೆ ಲೆಕ್ಕ ಬೇರೆ. ಅದು ಎರಡೂವರೆ ಅಡಿಯ, ಅಂದರೆ 762 ಮಿ.ಮೀ. ಗೇಜು, 1:87ರಲ್ಲಿ 8.8 ಮಿ.ಮೀ. ಆಗುತ್ತದೆ. ಅಲ್ಲಿ ಎನ್ ಗೇಜ್ ಹಳಿ ಬಹುಮಟ್ಟಿಗೆ ಸರಿಯಾಗಿ ಕೂರುತ್ತದೆ.

ಗೇಜು ಕೂತರೂ ಸ್ಲೀಪರ್ ಕೂರುವುದಿಲ್ಲ, ಕಣ್ಣಿಗೆ ಹೊಡೆಯುವುದು ಅದೇ. ಎನ್ ಗೇಜಿನಲ್ಲಿ ಸ್ಲೀಪರ್‌ಗಳು ಸುಮಾರು 4 ಮಿ.ಮೀ.ಗೊಂದು ಇರುತ್ತವೆ. 1:64ರಲ್ಲಿ ಅದು ಕಾಲು ಮೀಟರ್. ನಿಜವಾದ ಹಳಿಯಲ್ಲಿ ಅಷ್ಟು ಒತ್ತಾಗಿ ಮರ ಹಾಸುವುದಿಲ್ಲ. ಸುಮಾರು 75 ಸೆಂ.ಮೀ. ಅಂತರ ತೋರಿಸಬೇಕೆಂದರೆ ಮೂರರಲ್ಲಿ ಎರಡನ್ನು ತೆಗೆಯಬೇಕು. 1:87 ಆದರೆ ಒಂದು ಬಿಟ್ಟು ಒಂದು ತೆಗೆದರೆ ಸಾಕು. ಉಳಿದವುಗಳ ಮೇಲೆ ಗೇಜಿನ ಎರಡರಷ್ಟು, ಅಂದರೆ 18 ಮಿ.ಮೀ. ಉದ್ದದ ತೆಳು ಮರದ ಪಟ್ಟಿಯನ್ನು ಎರಡು ಬದಿಗೂ ಚಾಚುವಂತೆ ಅಂಟಿಸಬಹುದು. ಪಾಯಿಂಟಿನಲ್ಲಿ ದಾರಿ ಕವಲೊಡೆದಂತೆ ಪಟ್ಟಿಯ ಉದ್ದವೂ ಹೆಚ್ಚುತ್ತಾ ಹೋಗಬೇಕು.

ಹಳಿಯ ಎತ್ತರವೂ ಗಮನಿಸಬೇಕಾದ್ದು. ಸಾಮಾನ್ಯವಾಗಿ ಸಿಗುವ ‘ಕೋಡ್ 80’ ಹಳಿ 2 ಮಿ.ಮೀ. ಎತ್ತರದ್ದು. 1:87ರಲ್ಲಿ ಅದು 17.7 ಸೆಂ.ಮೀ. ಆಗುತ್ತದೆ. ಇಂದಿನ ಬ್ರಾಡ್‌ಗೇಜ್‌ನ 60 ಕೆ.ಜಿ. ಹಳಿಯೇ 17.2 ಸೆಂ.ಮೀ.! ಗಜಕ್ಕೆ 30 ಪೌಂಡ್ ತೂಗುವ ಹಗುರ ಹಳಿಯಾದರೋ ಸುಮಾರು 8 ಸೆಂ.ಮೀ. ಅಷ್ಟೇ. ಹಾಗೆಂದು ಪೆಕೊ ಕಂಪನಿಯ ‘ಕೋಡ್ 55’ ಪಾಯಿಂಟ್ ತಂದು ಸ್ಲೀಪರ್ ಕೀಳಲು ಹೋಗಬೇಡಿ. ಅದರ ಹಳಿ ನೋಡಲು ಗಿಡ್ಡ, ಆದರೆ ಅಡಿಭಾಗ ಸ್ಲೀಪರಿನ ಒಳಗೆ ಹುದುಗಿರುತ್ತದೆ. ಅದಕ್ಕಿಂತ ಕೋಡ್ 80 ತಂದು, ಹಳಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದು, ಮಣ್ಣು-ಬೂದಿ ಮೆತ್ತಿ ಎತ್ತರವನ್ನು ಮರೆಮಾಡುವುದೇ ಸುಲಭ. ಸ್ಲೀಪರ್ ಬದಲಿಸುವ ತಾಳ್ಮೆ ಇಲ್ಲದವರಿಗೂ ಇದೇ ಉಪಾಯ. ಯಾರ್ಡುಗಳಲ್ಲಿ ಸ್ಲೀಪರ್ ಮಣ್ಣಿನಲ್ಲಿ ಮುಚ್ಚಿಹೋಗುವುದು ಸಹಜ.

ಸ್ಲೀಪರ್ ಕತ್ತರಿಸಿದರೆ ಹಳಿಗಳನ್ನು ಹಿಡಿದಿಡಲು ಏನೂ ಇರುವುದಿಲ್ಲ. ಅದಕ್ಕೇ ಮೊದಲು ನಾಲ್ಕೈದು ಕಡೆ ತಾಮ್ರದ ಪದರವಿರುವ ಸರ್ಕ್ಯೂಟ್ ಬೋರ್ಡಿನ ಪಟ್ಟಿಯನ್ನು ಹಳಿಯ ಅಡಿಗೆ ಬೆಸುಗೆ ಹಾಕಬೇಕು, ಆಮೇಲೆ ಕತ್ತರಿ. ಪ್ರತಿ ಪಟ್ಟಿಯ ತಾಮ್ರವನ್ನೂ ನಡುವೆ ಅರದಿಂದ ಗೀರಿ ಬೇರ್ಪಡಿಸಿ, ಇಲ್ಲವಾದರೆ ಎರಡು ಹಳಿಗಳೂ ಸೇರಿ ಶಾರ್ಟ್ ಆಗುತ್ತದೆ. ಬೆಸುಗೆಯ ಬಿಸಿಗೆ ಪ್ಲಾಸ್ಟಿಕ್ ಕರಗದಂತೆ ಪಕ್ಕದಲ್ಲಿ ಒದ್ದೆ ಹತ್ತಿ ಇಡಿ.

ಮುಟ್ಟಬಾರದ ಜಾಗಗಳು ಎರಡು. ಒಂದು, ಅತ್ತಿತ್ತ ಸರಿಯುವ ನಾಲಗೆ ಹಳಿಗಳ ತುದಿ ಮತ್ತು ಅವನ್ನು ಜೋಡಿಸುವ ಅಡ್ಡಪಟ್ಟಿ. ಇನ್ನೊಂದು, ಎರಡು ಹಳಿ ಒಂದನ್ನೊಂದು ದಾಟುವ ಕ್ರಾಸಿಂಗ್. ಅಲ್ಲಿ ಚಕ್ರದ ಅಂಚು ಹಾಯುವ ಸಂದು ತುಸು ಅಗಲವಾದರೂ ಚಕ್ರ ಅದರೊಳಗೆ ಬೀಳುತ್ತದೆ, ಕಿರಿದಾದರೆ ಏರಿ ಹಳಿ ತಪ್ಪುತ್ತದೆ. 9 ಮಿ.ಮೀ.ಯ ನ್ಯಾರೋಗೇಜ್ ಎಂಜಿನ್‌ಗಳ ಚಕ್ರ ಸಾಮಾನ್ಯವಾಗಿ ಎನ್ ಗೇಜಿನ ಅಳತೆಯದ್ದೇ ಆದ್ದರಿಂದ ಆ ಸಂದನ್ನು ಬದಲಿಸುವ ಅಗತ್ಯವೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ನೋಟಕ್ಕಿಂತ ಮುಖ್ಯವಾದದ್ದು ವಿದ್ಯುತ್. ನ್ಯಾರೋಗೇಜ್ ಎಂಜಿನ್ ಗಿಡ್ಡ, ಬಹುಪಾಲು ನಾಲ್ಕೇ ಚಕ್ರ. ಕ್ರಾಸಿಂಗಿನ ಮೂಗು ಪ್ಲಾಸ್ಟಿಕ್ಕಿನದಾಗಿದ್ದರೆ ಕರೆಂಟ್ ಸಿಗದೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಲೋಹದ ಮೂಗಿರುವ ಪಾಯಿಂಟನ್ನೇ ಕೊಳ್ಳಿ. ಅದರಾಚೆಗಿನ ಎರಡು ಒಳಹಳಿಗಳಿಗೆ ಪ್ಲಾಸ್ಟಿಕ್ ಜೋಡಣೆ ಹಾಕಿ ಬೇರ್ಪಡಿಸಿ. ನಾಲಗೆ ಹಳಿ ಯಾವ ಕಡೆ ತಾಗಿದೆಯೋ ಆ ಬದಿಯ ವಿದ್ಯುತ್ತೇ ಮೂಗಿಗೂ ಬರಬೇಕು. ಧೂಳು ಕೂತರೆ ನಾಲಗೆಯ ಸ್ಪರ್ಶ ಕೈಕೊಡುತ್ತದೆ. ಪಾಯಿಂಟಿನ ಜೊತೆಗೇ ತಿರುಗುವ ಸಣ್ಣ ಸ್ವಿಚ್ಚಿನ ಮೂಲಕ ಮೂಗಿಗೆ ಪ್ರತ್ಯೇಕ ತಂತಿ ಕೊಟ್ಟರೆ ಆ ತಲೆನೋವಿಲ್ಲ. ನಾಲಗೆಯ ಮೂಲಕವೇ ಮೂಗಿಗೆ ಕರೆಂಟ್ ಹೋಗುವ ಪಾಯಿಂಟ್ ಆದರೆ ಅವೆರಡರ ನಡುವೆಯೂ ಸಂಪರ್ಕ ಕಡಿದು, ಆಮೇಲೆ ಈ ತಂತಿ ಕೊಡಿ.

ನ್ಯಾರೋಗೇಜ್‌ಗೆಂದೇ ಒರಟು ಸ್ಲೀಪರ್ ಹಾಕಿದ 9 ಮಿ.ಮೀ. ಪಾಯಿಂಟನ್ನು ಪೆಕೊ ‘ಓಓ-9’ ಹೆಸರಿನಲ್ಲಿ ತಯಾರಿಸುತ್ತದೆ. ಅದು ಕೈಗೆ ಸಿಕ್ಕರೆ ಕತ್ತರಿ, ಅಂಟಿನ ಕೆಲಸ ಬಹಳಷ್ಟು ಉಳಿಯುತ್ತದೆ. ತಂತಿಯ ಕೆಲಸ ಆಗಲೂ ತಪ್ಪುವುದಿಲ್ಲ.