ಗೊರಿಲ್ಲಾ ವೇಷ ತೊಟ್ಟು ಬಂದ ಪ್ರಳಯ

ಲೋಕದ ಅಂತ್ಯವನ್ನು ತೆರೆಯ ಮೇಲೆ ತೋರಿಸಲು ಎಷ್ಟು ಹಣ ಬೇಕು? 1953ರಲ್ಲಿ, ಇನ್ನೂ ಮೂವತ್ತು ತುಂಬದ ಫಿಲ್ ಟಕ್ಕರ್ ಎಂಬ ಅಮೆರಿಕನ್ ನಿರ್ದೇಶಕನಿಗೆ ಸಿಕ್ಕಿದ್ದು ಸುಮಾರು 16 ಸಾವಿರ ಡಾಲರ್ ಮತ್ತು ನಾಲ್ಕು ದಿನಗಳ ಚಿತ್ರೀಕರಣ. ಅಷ್ಟರಲ್ಲಿ ತಯಾರಾದದ್ದು ‘ರೋಬಾಟ್ ಮಾನ್‌ಸ್ಟರ್’. ಜಗತ್ತಿನ ಅತಿ ಕೆಟ್ಟ ಚಿತ್ರಗಳ ಮಾತು ಬಂದಾಗಲೆಲ್ಲ ಇಂದಿಗೂ ಇದರ ಹೆಸರು ಕೇಳಿಬರುತ್ತದೆ.

ನಗು ಬರುವುದು ಸಹಜವೇ. ಮನುಕುಲವನ್ನು ನಿರ್ನಾಮ ಮಾಡಲು ಬೇರೆ ಗ್ರಹದಿಂದ ಬಂದ ‘ರೋ-ಮ್ಯಾನ್’ ನೋಡಲು ಹೇಗಿದ್ದಾನೆ? ಮೈಗೆ ಗೊರಿಲ್ಲಾದ ತೊಗಲು, ತಲೆಗೆ ಸಮುದ್ರದಲ್ಲಿ ಮುಳುಗುವವರು ತೊಡುವಂಥ ಹೆಲ್ಮೆಟ್, ಅದರ ಮೇಲೆ ಆಂಟೆನಾ. ಯಂತ್ರಮಾನವನ ಉಡುಪು ಮಾಡಿಸಲು ದುಡ್ಡಿರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತ ಗೊರಿಲ್ಲಾ ವೇಷವಿತ್ತು. ಕಾಸಿಗೆ ತಕ್ಕ ಕಜ್ಜಾಯ. ಅವನ ಠಾಣೆ ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯ ಒಂದು ಗುಹೆ. ಅಲ್ಲಿನ ಯಂತ್ರವೊಂದು ಸೋಪಿನ ಗುಳ್ಳೆಗಳನ್ನು ಉಗುಳುತ್ತಿರುತ್ತದೆ. ಅದನ್ನು ಒದಗಿಸಿದವರಿಗೆ ಚಿತ್ರದ ಶೀರ್ಷಿಕೆಗಳಲ್ಲಿ ಕೃತಜ್ಞತೆಯೂ ಸಂದಿದೆ! ಡೈನೊಸಾರ್‌ಗಳ ಕಾದಾಟ 1940ರ ಇನ್ನೊಂದು ಚಿತ್ರದಿಂದ ತಂದದ್ದು. ಇಷ್ಟು ಸಾಲದೆಂಬಂತೆ, ಆಗ ಹೊಸ ಹುಚ್ಚಾಗಿದ್ದ ತ್ರೀ-ಡಿ ಬೇರೆ.

ಆದರೆ ಕಥೆಯನ್ನು ಒಮ್ಮೆ ಗಮನಿಸಬೇಕು. ಚಿತ್ರ ಶುರುವಾಗುವ ಹೊತ್ತಿಗೆ ಭೂಮಿಯ ಮೇಲೆ ಉಳಿದಿರುವವರು ಎಂಟೇ ಮಂದಿ. ಅವರಲ್ಲೂ ತೆರೆಯ ಮೇಲೆ ಕಾಣುವವರು ಆರು. ದಾಳಿ ಹೊರಗಿನಿಂದ ಬಂದದ್ದೆಂದು ತಿಳಿಯದೆ ರಾಷ್ಟ್ರಗಳು ಪರಸ್ಪರ ಶಂಕಿಸಿ ಹೈಡ್ರೋಜನ್ ಬಾಂಬ್ ಹಾಕಿದ ಪ್ರಸ್ತಾಪ ಸಂಭಾಷಣೆಯಲ್ಲಿ ಬರುತ್ತದೆ. ಅದು ಬರಿಯ ಕಲ್ಪನೆಯಲ್ಲ. 1952ರ ನವೆಂಬರ್‌ನಲ್ಲಿ ಶಾಂತಸಾಗರದ ಎನಿವೆಟಾಕ್‌ನಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಸ್ಫೋಟದಲ್ಲಿ ಒಂದು ಪುಟ್ಟ ದ್ವೀಪವೇ ಕಣ್ಮರೆಯಾಗಿತ್ತು. ಚಿತ್ರ ತೆರೆಕಂಡದ್ದು 1953ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟವೂ ತನ್ನ ಪರೀಕ್ಷೆ ನಡೆಸಿತು. ದೊಡ್ಡ ಸ್ಟುಡಿಯೋಗಳು ಭಾರಿ ಖರ್ಚು ಮಾಡಿ ತೋರಿಸುತ್ತಿದ್ದ ಭಯವನ್ನೇ ಟಕ್ಕರ್ ಚಿಲ್ಲರೆ ಕಾಸಿನಲ್ಲಿ ತೋರಿಸಹೊರಟಿದ್ದ.

ಕೊನೆಗೆ ಇದೆಲ್ಲ ಒಬ್ಬ ಹುಡುಗನ ಕನಸೆಂದು ಗೊತ್ತಾಗುತ್ತದೆ. ಪ್ರೇಕ್ಷಕ ನಿಟ್ಟುಸಿರು ಬಿಡುವಷ್ಟರಲ್ಲಿ ರೋ-ಮ್ಯಾನ್ ಮತ್ತೆ ಗುಹೆಯಿಂದ ಹೊರಬರುತ್ತಾನೆ. ಒಮ್ಮೆಯಲ್ಲ, ಮೂರು ಸಲ!

ಈ ಚಿತ್ರದ ಸಂಗೀತ ಮಾತ್ರ ನಗೆಪಾಟಲಲ್ಲ. ಅದನ್ನು ಕೊಟ್ಟವನು ಎಲ್ಮರ್ ಬರ್ನ್‌ಸ್ಟೀನ್. ಅಂಥ ಪ್ರತಿಭಾವಂತ ಇಲ್ಲಿಗೆ ಬಂದದ್ದಕ್ಕೆ ಆ ಕಾಲದ ಇನ್ನೊಂದು ಭಯ ಕಾರಣ. ಎಡಪಂಥೀಯ ಒಲವಿನ ಶಂಕೆಗೆ ಗುರಿಯಾದವರಿಗೆ ಹಾಲಿವುಡ್ ಬಾಗಿಲು ಹಾಕುತ್ತಿದ್ದ ದಿನಗಳವು. ಬರ್ನ್‌ಸ್ಟೀನ್‌ನ ಹೆಸರು ಬಹಿರಂಗ ಕಪ್ಪುಪಟ್ಟಿಯಲ್ಲಿ ಇರಲಿಲ್ಲ, ಆದರೂ ದೊಡ್ಡ ಅವಕಾಶಗಳು ನಿಂತುಹೋದವು. ಮೂರೇ ವರ್ಷಗಳಲ್ಲಿ, 1956ರಲ್ಲಿ, ಆತ ‘ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರಕ್ಕೆ ಸಂಗೀತ ನೀಡಿದ; 1967ರ ಚಿತ್ರವೊಂದಕ್ಕೆ ಆಸ್ಕರ್ ಪಡೆದ.

ಟಕ್ಕರ್‌ಗೆ ಅಂಥ ಅದೃಷ್ಟ ಒಲಿಯಲಿಲ್ಲ. ವಿಮರ್ಶಕರು ಹೀಗಳೆದರೂ ಚಿತ್ರ ಹಾಕಿದ ಬಂಡವಾಳದ ಹಲವು ಪಟ್ಟು ಗಳಿಸಿತು, ಆದರೆ ನಿರ್ದೇಶಕನ ಕೈ ಬರಿದಾಗಿಯೇ ಉಳಿಯಿತು. ಅದೇ ಡಿಸೆಂಬರ್‌ನಲ್ಲಿ ಆತ ಹೋಟೆಲ್ ಕೋಣೆಯೊಂದರಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ. ಕಟು ವಿಮರ್ಶೆಯೇ ಕಾರಣವೆಂಬ ಕಥೆ ಮುಂದೆ ಹಬ್ಬಿತು. ಚಿತ್ರವನ್ನು ಗೇಲಿ ಮಾಡಿದವರಿಗೆ ಅದೂ ಒಂದು ರಂಜನೆಯಾಯಿತು. ಪತ್ರಿಕೆಗೆಂದು ಆತ ಬರೆದ ಕಾಗದದಲ್ಲಿದ್ದುದು ಕೆಲಸ ಸಿಗದವನ ಅಳಲು.

1978ರಲ್ಲಿ ಅತಿ ಕೆಟ್ಟ ಐವತ್ತು ಚಿತ್ರಗಳನ್ನು ಕುರಿತ ಅಮೆರಿಕದ ಪುಸ್ತಕವೊಂದು ‘ರೋಬಾಟ್ ಮಾನ್‌ಸ್ಟರ್’ಗೂ ಜಾಗ ಕೊಟ್ಟಿತು, ಚಿತ್ರದ ಹೆಸರು ಇನ್ನಷ್ಟು ಪ್ರಚಾರವಾದದ್ದು ಆಮೇಲೆ. ಸಂಕಲನದ ಕೆಲಸಕ್ಕೆ ಹೊರಳಿ ಅದರಲ್ಲೇ ವರ್ಷಗಟ್ಟಲೆ ದುಡಿದ ಟಕ್ಕರ್ 1985ರಲ್ಲಿ ತೀರಿಕೊಂಡ. ಚಿತ್ರಕ್ಕೆ ಎಪ್ಪತ್ತು ತುಂಬಿದ 2023ರಲ್ಲಿ ಅದರ ತ್ರೀ-ಡಿ ಪ್ರತಿಯನ್ನು ದುರಸ್ತಿಗೊಳಿಸಿ ಮತ್ತೆ ಹೊರತರಲಾಯಿತು, ಗುಳ್ಳೆಗಳ ಸಮೇತ.