ಮರೆಯಲ್ಲಿ ಮೂಡುವ ಮಸೂರ

ಮಡಿಕೇರಿಯ ನಮ್ಮ ಮನೆಯ ಕಿಟಕಿಗಾಜಿಗೆ ಅಂಟಿದ ಒಂದೊಂದು ಮಳೆಹನಿಯಲ್ಲೂ ಎದುರಿನ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಹನಿ ಆರಿದರೆ ಮಸೂರವೂ ಇಲ್ಲ.

ಅಂಥ ಹನಿಯನ್ನು ಗಾಜಿನಲ್ಲೇ ನಿಲ್ಲಿಸಿದವರು ಅಮೆರಿಕದ ಕಾರ್ನಿಂಗ್ ಕಂಪನಿಯವರು. ಅಲ್ಲಿನ ಡೊನಾಲ್ಡ್ ಸ್ಟೂಕಿ 1940ರ ದಶಕದಲ್ಲಿ ಬೆಳಕಿಗೆ ಸ್ಪಂದಿಸುವ ಗಾಜು ರೂಪಿಸಿದರು. 1985ರಲ್ಲಿ ನಿಕೋಲಸ್ ಬೊರೆಲ್ಲಿ ಮತ್ತು ಸಂಗಡಿಗರು ಅಂಥ ಗಾಜಿನಲ್ಲಿ ಪುಟ್ಟ ಮಸೂರಗಳನ್ನು ಮೂಡಿಸುವ ವಿಧಾನ ಪ್ರಕಟಿಸಿದರು. ಚುಕ್ಕಿಗಳ ಮರೆಯಿಟ್ಟು ಅತಿನೇರಳೆ ಬೆಳಕು ಹಾಯಿಸಿ, ಗಾಜನ್ನು ಕಾಯಿಸುತ್ತಾರೆ. ಬೆಳಕು ಬಿದ್ದ ಭಾಗ ಹರಳುಗಟ್ಟಿ ಕುಗ್ಗುತ್ತದೆ. ಮರೆಯಲ್ಲಿದ್ದ ಮೆದುಗಾಜನ್ನು ಹಿಂಡಿ ಮೇಲಕ್ಕೆ ಉಬ್ಬಿಸುತ್ತದೆ. ಮಳೆಹನಿಯಂತೆ ಅದೂ ಮೇಲ್ಮೈ ಎಳೆತದಿಂದ ದುಂಡಾಗುತ್ತದೆ. ಮಸೂರವಾಗುವುದು ಬೆಳಕು ಕಾಣದ ಜಾಗವೇ!

ಕೊಡಗಿನ ಕಾಫಿ ತೋಟಗಳ ಇತಿಹಾಸ ಬರೆಯುತ್ತಿರುವ ನಾನು ದಾಖಲೆಗಳಲ್ಲಿ ಮಾಲೀಕರ ಹೆಸರುಗಳನ್ನಷ್ಟೇ ಗುರುತು ಹಾಕಿಕೊಂಡಿದ್ದೆ. ಈಗ ಕೂಲಿಯವರ ಹೆಸರಿಲ್ಲದ ಸಾಲುಗಳಿಗೆ ಮರಳಿದ್ದೇನೆ.